ಎದೆನೋವು ಪಕ್ಕೆಲುಬಿನದ್ದಾಗಿತ್ತು

ಶಿರಸಿಯ ಮಳೆಗಾಲ, 3 ವಾರ ಬಿಡದ ಕೆಮ್ಮು. ಅದರ ಮೇಲೆ ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತೆ. ಮರುದಿನ ಎದೆಯ ಎಡಗಡೆ ಚುಚ್ಚುವ ನೋವು. ಹೃದಯವೇ ಎಂದು ಹೆದರಿ ಆಸ್ಪತ್ರೆಗೆ ಓಡಿದೆ. ಓಡಿದ್ದೇ ಸರಿ, ಎದೆನೋವು ಏನೆಂದು ಮನೆಯಲ್ಲಿ ಕೂತು ತೀರ್ಮಾನಿಸಬಾರದು. ಇಸಿಜಿ ಸರಿಯಿತ್ತು. ಡಾಕ್ಟರು ಎದೆಮೂಳೆಯ ಪಕ್ಕ ಬೆರಳಿಟ್ಟು ಒತ್ತಿದಾಗ ಅದೇ ನೋವು ಚುರ್ ಎಂದಿತು. ಪಕ್ಕೆಲುಬು ಎದೆಮೂಳೆಗೆ ಸೇರುವಲ್ಲಿನ ಮೃದ್ವಸ್ಥಿಗೆ ಉರಿಯೂತ, ಕಾಸ್ಟೊಕಾಂಡ್ರೈಟಿಸ್. ಹೆಚ್ಚಾಗಿ 2ರಿಂದ 5ನೇ ಪಕ್ಕೆಲುಬಿನಲ್ಲಿ ಬರುತ್ತದೆ. ಒತ್ತಿದರೆ ನೋಯುತ್ತದೆ ಎಂಬುದೊಂದರಿಂದಲೇ ಹೃದಯ ಸರಿಯಿದೆ ಎನ್ನಲಾಗದು ಎಂದೂ ಅವರು ಹೇಳಿದರು.

ಊಟದ ಮೇಲೆ ಮಾತ್ರೆ, ಬಿಸಿನೀರಿನ ಚೀಲದ ಶಾಖ. ನನಗೆ ನಿಜವಾಗಿ ಗುಣ ಕೊಟ್ಟದ್ದು ಹೊರೆ ಬಿಟ್ಟದ್ದು, ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಂಡದ್ದು. 6 ವಾರ ಹಿಡಿಯಿತು. ಈಗ ದೊಡ್ಡ ಹೊರೆ ತಮ್ಮನದು, ನನಗೆ ಸಣ್ಣ ಕಟ್ಟು ಮಾತ್ರ.