ಚಿಲ್ಲರೆ ಪೂರ್ತಿ ತಟ್ಟೆಗೆ ಬರಬೇಕು

ನಾನು ಹದಿನೆಂಟನೆಯ ವಯಸ್ಸಿಗೆ ಬೆಂಗಳೂರಿನ ಒಂದು ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರಿದೆ. ಆಮೇಲೆ ಸಪ್ಲೈಯರ್ ಆದೆ, ಗಲ್ಲಾದಲ್ಲಿ ಕುಳಿತೆ. ಈಗ ಶಿವಮೊಗ್ಗದಲ್ಲಿ ನನ್ನದೇ ಸಣ್ಣ ಹೋಟೆಲು ಇದೆ. ಈ ಮೂರೂ ಜಾಗಗಳಲ್ಲಿ ನಿಂತು ಟಿಪ್ಸಿನ ವಿಷಯವನ್ನು ನೋಡಿದ್ದೇನೆ.

ಆ ಹೋಟೆಲಿನಲ್ಲಿ ಎರಡು ಹಾಲ್ ಇದ್ದವು. ಸಾಮಾನ್ಯ ಹಾಲ್‌ನಲ್ಲಿ ತಿಂದವರು ಬಿಲ್ಲು ಹಿಡಿದು ತಾವೇ ಗಲ್ಲಾಕ್ಕೆ ಹೋಗುತ್ತಿದ್ದರು. ಅಲ್ಲಿ ಗಿರಾಕಿಯ ಚಿಲ್ಲರೆ ನಮ್ಮ ಕೈಗೆ ಬರುವ ಪ್ರಶ್ನೆಯೇ ಇರಲಿಲ್ಲ. ಎಸಿ ಹಾಲ್‌ನಲ್ಲಿ ಮಾತ್ರ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಇಟ್ಟು, ನೋಟು ತೆಗೆದುಕೊಂಡು ಹೋಗಿ, ಉಳಿದದ್ದನ್ನು ತಂದುಕೊಡಬೇಕಿತ್ತು. ಹಣ ಗಲ್ಲಾದಿಂದ ಮೇಜಿಗೆ ಹೋಗುವ ಆ ಇಪ್ಪತ್ತು ಹೆಜ್ಜೆಗಳಲ್ಲೇ ಎಲ್ಲ ತಪ್ಪುಗಳೂ ನಡೆಯುತ್ತಿದ್ದವು.

ಹಿರಿಯ ಸಪ್ಲೈಯರ್‌ಗಳಿಂದ ನಾನು ಮೂರು ವಿದ್ಯೆ ಕಲಿತೆ. ಚಿಲ್ಲರೆ ತರುವುದನ್ನು ಬೇಕೆಂದೇ ತಡ ಮಾಡುವುದು. ಆತುರದಲ್ಲಿರುವವರು ಎದ್ದು ಹೋಗುತ್ತಾರೆ. ನಾಣ್ಯಗಳನ್ನು ಸೋಂಪಿನ ಕೆಳಗೆ ಇಡುವುದು. ಎಲ್ಲರೆದುರು ಕೆದಕಿ ತೆಗೆಯಲು ಜನ ನಾಚುತ್ತಾರೆ. ಮೂರನೆಯದು, ನೋಟು ಹಿಡಿದುಕೊಂಡೇ ‘ಚಿಲ್ಲರೆ ತರಲೇ ಸಾರ್?’ ಎಂದು ಕೇಳುವುದು. ನನಗೆ ಅತಿ ಕೆಟ್ಟದ್ದು ಎನಿಸುವುದು ಈ ಮೂರನೆಯದೇ. ಗೆಳೆಯರ ಮುಂದೆ, ಹೆಂಡತಿ ಮಕ್ಕಳ ಮುಂದೆ ‘ಹೌದು, ತಾ’ ಎನ್ನಲು ಎಷ್ಟು ಜನರಿಗೆ ಬಾಯಿ ಬರುತ್ತದೆ?

1998ರಲ್ಲಿ ಒಬ್ಬ ಹಿರಿಯರು ಪ್ರತಿ ಶನಿವಾರ ಬೆಳಿಗ್ಗೆ ನನ್ನ ಮೇಜಿಗೆ ಬರುತ್ತಿದ್ದರು. ಹೋಗುವಾಗ ಒಂದೆರಡು ರೂಪಾಯಿ ತಪ್ಪದೆ ಇಡುತ್ತಿದ್ದರು. ಒಂದು ಶನಿವಾರ ಬಿಲ್ಲು 43 ರೂಪಾಯಿ, ಅವರು ಕೊಟ್ಟದ್ದು 50. ಉಳಿದ ಏಳು ರೂಪಾಯಿಯನ್ನು ನಾನು ಕಿಸೆಗೆ ಹಾಕಿಕೊಂಡು ಬೇರೆ ಮೇಜು ಒರೆಸುತ್ತಾ ನಿಂತೆ. ಅವರು ಸ್ವಲ್ಪ ಹೊತ್ತು ಕಾದರು, ಕೊಡೆ ತೆಗೆದುಕೊಂಡು ಹೊರಟರು. ಯಾರಿಗೂ ದೂರು ಹೇಳಲಿಲ್ಲ. ಮುಂದಿನ ಶನಿವಾರವೂ ಬಂದರು. ಆದರೆ ಸಾಮಾನ್ಯ ಹಾಲ್‌ನಲ್ಲಿ ಕುಳಿತು, ಗಲ್ಲಾದಲ್ಲಿ ತಾವೇ ಹಣ ಕಟ್ಟಿ, ಚಿಲ್ಲರೆ ಎಣಿಸಿ ಜೇಬಿಗೆ ಹಾಕಿಕೊಂಡು ಹೋದರು. ನಾನು ಆ ಹೋಟೆಲು ಬಿಡುವವರೆಗೂ ಹಾಗೆಯೇ ನಡೆಯಿತು. ಕ್ಷಮೆ ಕೇಳಲು ಎಷ್ಟೋ ಸಲ ಹೊರಟೆ, ಧೈರ್ಯ ಬರಲಿಲ್ಲ. ಅಂದಿನಿಂದ ಒಂದು ರೂಪಾಯಿಯನ್ನೂ ಮೇಜಿಗೆ ತೋರಿಸದೆ ಇಟ್ಟುಕೊಂಡಿಲ್ಲ.

ನನ್ನ ಹೋಟೆಲು ಶುರು ಮಾಡಿದಾಗ ಹುಡುಗರಿಗೆ ಮೊದಲು ಹೇಳಿದ್ದು ಇದನ್ನೇ: ಉಳಿದ ಹಣವೆಲ್ಲ ತಟ್ಟೆಯಲ್ಲಿ ಸೋಂಪಿನಿಂದ ಬೇರೆಯಾಗಿ ಕಾಣಬೇಕು, ತಟ್ಟೆ ಇಟ್ಟ ಮೇಲೆ ಅಲ್ಲಿ ನಿಲ್ಲಬಾರದು. ಗಿರಾಕಿಯೇ ‘ಇಟ್ಟುಕೋ’ ಎಂದರೆ ಸರಿ, ನಮ್ಮಿಂದ ಪ್ರಶ್ನೆ ಬೇಡ.

ಚಿಲ್ಲರೆ ಹೇಗೆ ಕೊಡಬೇಕು ಎನ್ನುವುದರಲ್ಲೂ ಲೆಕ್ಕವಿದೆ. 340 ರೂಪಾಯಿ ಬಿಲ್ಲಿಗೆ 500ರ ನೋಟು ಬಂದರೆ 160 ಉಳಿಯುತ್ತದೆ. ಅಷ್ಟನ್ನೂ ಹತ್ತರ ನೋಟಿನಲ್ಲಿ ತುಂಬಿದರೆ ಅದು ಬೇಡುವ ಹಾಗೆ ಕಾಣುತ್ತದೆ. ಒಂದು ನೂರು, ಒಂದು ಐವತ್ತು, ಒಂದು ಹತ್ತು ಕೊಟ್ಟರೆ ಕೊಡುವ ಮನಸ್ಸಿದ್ದವರು ಚಿಲ್ಲರೆಗಾಗಿ ತಡಕಾಡಬೇಕಿಲ್ಲ, ಇಲ್ಲದವರಿಗೆ ಮುಜುಗರವೂ ಇಲ್ಲ. ಒಂದೆರಡು ರೂಪಾಯಿಗೆ ಚಾಕೊಲೇಟು ಕೊಡುವ ಪದ್ಧತಿ ನನಗೆ ಹಿಡಿಸದು. ಅದಕ್ಕಾಗಿ ತೆರಿಗೆ ಸೇರಿಸಿಯೇ ಎಲ್ಲ ತಿಂಡಿಗಳ ಬೆಲೆಯನ್ನು ಐದರ ಗುಣಕಕ್ಕೆ ತಂದೆ. ಕೆಲವು ತಿಂಡಿಗಳಲ್ಲಿ ರೂಪಾಯಿ, ಎರಡು ರೂಪಾಯಿ ಕಳೆದುಕೊಂಡೆ. ಆದರೆ ಗಲ್ಲಾದಲ್ಲಿ ನಾಣ್ಯದ ಜಗಳ ನಿಂತಿತು.

ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸು, ಹುಡುಗರಿಗೂ ಒಳ್ಳೆಯದು ಎಂದು ಸ್ನೇಹಿತರು ಹೇಳಿದ್ದುಂಟು. ನಾನು ಒಪ್ಪಲಿಲ್ಲ. ಕೇಳದೆ ಚಿಲ್ಲರೆ ಇಟ್ಟುಕೊಳ್ಳುವುದಕ್ಕೂ ಕೇಳದೆ ಬಿಲ್ಲಿಗೆ ಸೇರಿಸುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2022ರ ಜುಲೈನಲ್ಲಿ, ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲುಗಳ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಹಾಗೆ ಸೇರಿಸಿದ್ದು ಕಂಡರೆ ತೆಗೆಯಿರಿ ಎಂದು ಕೇಳಬಹುದು, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಇನ್ನೊಂದು ಮಾತು: ನಮ್ಮಂಥ ಹೋಟೆಲುಗಳ ಬಿಲ್ಲಿನಲ್ಲಿ ಕಾಣುವ ಶೇ 5ರ ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ. ಅದರಲ್ಲಿ ಸಪ್ಲೈಯರ್‌ಗೂ ಪಾಲಿದೆ ಎಂದು ತಿಳಿದಿದ್ದ ಗಿರಾಕಿಗಳನ್ನು ನಾನೇ ಕಂಡಿದ್ದೇನೆ.

ಯುಪಿಐ ಬಂದ ಮೇಲೆ ಬೇರೆ ಸಮಸ್ಯೆ ಹುಟ್ಟಿತು. ಬಿಲ್ಲು 285 ಆದರೆ ಮೊಬೈಲಿನಿಂದ 285 ಬರುತ್ತದೆ. ತಟ್ಟೆಯೂ ಇಲ್ಲ, ಚಿಲ್ಲರೆಯೂ ಇಲ್ಲ, ಹುಡುಗರ ಟಿಪ್ಸ್ ಅರ್ಧಕ್ಕಿಂತ ಕಡಿಮೆಯಾಯಿತು. ಅದನ್ನು ಕಂಡು ಮೊದಲು ಸಂಬಳ ಏರಿಸಿದೆ, ಏಕೆಂದರೆ ಅದು ನನ್ನ ಜವಾಬ್ದಾರಿ, ಗಿರಾಕಿಯದಲ್ಲ. ನಂತರ ಬಾಗಿಲ ಬಳಿ ಒಂದು ಸ್ಟೀಲ್ ಹುಂಡಿ ಇಟ್ಟೆ, ಪಕ್ಕದಲ್ಲಿ ಹುಡುಗರಿಗೆಂದೇ ಬೇರೆ ಕ್ಯೂಆರ್ ಕೋಡ್ ಹಾಕಿದೆ. ಅದನ್ನು ಹೋಟೆಲಿನ ಖಾತೆಗೆ ಜೋಡಿಸಲಿಲ್ಲ. ಒಮ್ಮೆ ಮಾಲೀಕನ ಖಾತೆಗೆ ಹೋದ ಟಿಪ್ಸ್ ತನಗೆ ಪೂರ್ತಿ ಬರುತ್ತದೆ ಎಂದು ಯಾವ ಸಪ್ಲೈಯರ್ ನಂಬುತ್ತಾನೆ?

ಪ್ರತಿ ಭಾನುವಾರ ರಾತ್ರಿ ಎಲ್ಲರೆದುರು ಹುಂಡಿ ಒಡೆಯುತ್ತೇವೆ. ಆರಂಭದಲ್ಲಿ ಮೇಜಿನ ಮೇಲೆ ಬಿಟ್ಟುಹೋದ ಹಣವನ್ನೂ ಅದಕ್ಕೇ ಹಾಕಿಸಿ ಸಮನಾಗಿ ಹಂಚುತ್ತಿದ್ದೆ. ದೋಸೆ ಚೆನ್ನಾಗಿತ್ತು ಎಂದು ಇಟ್ಟ ಹಣದಲ್ಲಿ ಭಟ್ಟರಿಗೂ ತಟ್ಟೆ ತೊಳೆಯುವ ಅಕ್ಕನಿಗೂ ಪಾಲಿಲ್ಲವೇ ಎಂಬುದು ನನ್ನ ವಾದ. ನನ್ನ ಅತ್ಯುತ್ತಮ ಸಪ್ಲೈಯರ್ ಇದನ್ನು ಒಪ್ಪಲಿಲ್ಲ. ‘ಅಣ್ಣಾ, ಎಂಟು ಜನರ ಮೇಜನ್ನು ಒಬ್ಬನೇ ನೋಡಿಕೊಂಡದ್ದು ನಾನು’ ಎಂದ. ಎರಡು ತಿಂಗಳು ಕಾದು ಕೆಲಸ ಬಿಟ್ಟ. ಅವನು ಹೋದ ಮೇಲೆ ಅವನ ಮಾತು ಸರಿಯೆನಿಸಿತು. ಈಗ ಮೇಜಿನ ಮೇಲೆ ಸಿಕ್ಕಿದ್ದರಲ್ಲಿ ಅರ್ಧ ಆ ಸಪ್ಲೈಯರ್‌ಗೆ, ಉಳಿದ ಅರ್ಧ ಹುಂಡಿಗೆ. ಇದನ್ನು ತಿಳಿಸಿ ಅವನಿಗೆ ಫೋನ್ ಮಾಡಿದೆ. ಬೇರೆ ಕಡೆ ಸೇರಿಯಾಗಿತ್ತು, ಬರಲಿಲ್ಲ.