ಗಾಮಾ ನೈಫ್‌ಗೆ ಹೊರಡುವ ಮುನ್ನ ಮೂಗುಬೊಟ್ಟು ಬಿಚ್ಚಿಸಿ

ಅಕ್ಕನ ಕಿವಿಯ ನರದ ಗಡ್ಡೆಗೆ ಗಾಮಾ ನೈಫ್, ಅಂದರೆ ತಲೆ ಕೊಯ್ಯದೆ ಹೊರಗಿನಿಂದಲೇ ವಿಕಿರಣ ಕೊಡುವ ಚಿಕಿತ್ಸೆ, ಗೊತ್ತಾಗಿತ್ತು. ಅವಳ ಮೂಗುಬೊಟ್ಟು ಮದುವೆಯಾದಾಗಿನಿಂದ ಬಿಚ್ಚಿದ್ದೇ ಇರಲಿಲ್ಲ. ಬೆಳಗಿನ ಏಳೂವರೆಗೆ, ತಲೆ ಅಲುಗದಂತೆ ಹಿಡಿಯುವ ಚೌಕಟ್ಟು ಬಿಗಿದು ಮುಗಿದ ಮೇಲೆ, ಎಂಆರ್‌ಐ ಕೋಣೆಯ ಬಾಗಿಲಲ್ಲಿ ಅದು ಎಲ್ಲರ ಕಣ್ಣಿಗೆ ಬಿತ್ತು. ಸೋಪಿನ ನೀರು ಹಾಕಿದ್ದಾಯಿತು, ಕೊಬ್ಬರಿ ಎಣ್ಣೆ ಬಿಟ್ಟಿದ್ದಾಯಿತು, ತಿರುಪು ಜಗ್ಗಲಿಲ್ಲ. ಮುಖದ ಮುಂದೆ ಲೋಹದ ಪಟ್ಟಿ ಇದ್ದುದರಿಂದ ಇಕ್ಕಳ ಸರಿಯಾಗಿ ಒಳಗೆ ಹೋಗುತ್ತಲೂ ಇರಲಿಲ್ಲ. ಕೊನೆಗೆ ಕಡ್ಡಿಯನ್ನು ಕತ್ತರಿಸಿಯೇ ತೆಗೆದರು. ವಿಕಿರಣಕ್ಕೆ ತಿಂಗಳುಗಟ್ಟಲೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ ನಮಗೆ ಹತ್ತು ನಿಮಿಷ ಅಕ್ಕಸಾಲಿಗರ ಅಂಗಡಿಗೆ ಹೋಗಿಬರಲು ಹೊಳೆದಿರಲಿಲ್ಲ.

ಆಮೇಲೆ ಸರತಿಯ ಬೆಂಚಿನಲ್ಲಿ ಕುಳಿತು ಬೇರೆಯವರ ಎಡವಟ್ಟುಗಳನ್ನೂ ನೋಡಿದೆ. ಅದಕ್ಕೇ ಈ ಬರಹ.

ಮೊದಲು ಕಾಯಿಲೆಯ ಹೆಸರಿನ ಗೊಂದಲ. ಒಂದು ವರದಿಯಲ್ಲಿ ಅಕೂಸ್ಟಿಕ್ ನ್ಯೂರೋಮಾ ಎಂದಿರುತ್ತದೆ, ಇನ್ನೊಂದರಲ್ಲಿ ವೆಸ್ಟಿಬ್ಯುಲಾರ್ ಶ್ವಾನೋಮಾ. ಎರಡೂ ಒಂದೇ. ಕಿವಿಯಿಂದ ಮಿದುಳಿಗೆ ಹೋಗುವ ಎಂಟನೇ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ ಇದು, ಕ್ಯಾನ್ಸರ್ ಅಲ್ಲ. ಗಡ್ಡೆ ಮೂರು ಸೆಂಟಿಮೀಟರ್‌ಗಿಂತ ದೊಡ್ಡದಾಗಿ ಮಿದುಳಕಾಂಡವನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ತೆರೆದ ಶಸ್ತ್ರಚಿಕಿತ್ಸೆಯೇ ದಾರಿ. ತೀರ ಚಿಕ್ಕದಾಗಿದ್ದರೆ ಸ್ಕ್ಯಾನ್ ಮಾಡಿಸುತ್ತ ಕಾಯಿರಿ ಎನ್ನಬಹುದು. ನಡುವಿನವರ ಪಾಲಿಗೆ ವಿಕಿರಣ. ಇದರಿಂದ ಗಡ್ಡೆ ಮಾಯವಾಗುವುದಿಲ್ಲ, ಹೆಚ್ಚಿನವರಲ್ಲಿ ಬೆಳವಣಿಗೆ ನಿಲ್ಲುತ್ತದೆ. ಹೋದ ಶ್ರವಣಶಕ್ತಿ ಮರಳುವುದಿಲ್ಲ, ಉಳಿದದ್ದೂ ವರ್ಷ ಕಳೆದಂತೆ ಕುಗ್ಗಬಹುದು. ಇದನ್ನು ವೈದ್ಯರ ಬಾಯಿಂದಲೇ ಕೇಳಿ ಒಪ್ಪಿಕೊಂಡು ಮುಂದೆ ಹೋಗಿ. ಗಡ್ಡೆ ಕರಗಿಸುವ ಕಷಾಯ ಎಂದು ಮೊಬೈಲ್‌ನಲ್ಲಿ ಜಾಹೀರಾತು ಬಂದರೆ ಅಲ್ಲಿಂದಲೇ ಅಳಿಸಿಬಿಡಿ.

ಇನ್ನು ಕಾಗದಪತ್ರ. ಎಂಆರ್‌ಐ ಫಿಲಂ ಅನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುವುದು ಈಗಿನ ಅಡ್ಡದಾರಿ. ಅದನ್ನು ನಂಬಿ ಯಾರೂ ವಿಕಿರಣದ ಲೆಕ್ಕ ಹಾಕುವುದಿಲ್ಲ. ಸ್ಕ್ಯಾನ್ ಕೇಂದ್ರದಿಂದ ಸಿ.ಡಿ. ಕೇಳಿ ಪಡೆಯಿರಿ, ಮನೆಯ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳುತ್ತದೆಯೇ ಎಂದು ನೋಡಿ. ಖಾಲಿ ಸಿ.ಡಿ. ಹಿಡಿದು ದಾವಣಗೆರೆಯಿಂದ ಬಂದವರನ್ನು ನಾನೇ ಕಂಡಿದ್ದೇನೆ. ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆಯ ವರದಿ, ಹೊಸದಿರಬೇಕು. ಮುಂದೆ ಕಿವಿ ಎಷ್ಟು ಉಳಿಯಿತು ಎಂದು ಅಳೆಯಲು ಅದೇ ಆಧಾರ. ಮೈಸೂರು ಸೀಮೆಯವರಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲೇ ಮಾಡಿಸಿ, ಕನ್ನಡಕದಂಗಡಿಯ ಪಕ್ಕದ ‘ಉಚಿತ ಕಿವಿ ತಪಾಸಣೆ’ ನನಗೆ ಹಿಡಿಸುವುದಿಲ್ಲ. ಎಂಆರ್‌ಐಗೆ ಬಣ್ಣದ ಔಷಧ ಕೊಡುವುದರಿಂದ ಮೂತ್ರಪಿಂಡದ ಕ್ರಿಯಾಟಿನಿನ್ ವರದಿ ಕೇಳುತ್ತಾರೆ. ವಿಮೆ ಇದ್ದರೆ ಪೂರ್ವಾನುಮತಿ ಮೊದಲೇ ಆಗಿರಲಿ.

ಔಷಧಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆಯಿರಿ, ನೆನಪಿನಿಂದ ಹೇಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಪ್ಪದೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಬೆಳಿಗ್ಗೆ ಉಪವಾಸ ಇರಬೇಕೇ, ಇದ್ದರೆ ಸಕ್ಕರೆ ಕಾಯಿಲೆಯ ಇನ್ಸುಲಿನ್ ಏನು ಮಾಡುವುದು ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ತಲೆಯೊಳಗೆ ಹಿಂದೆಂದೋ ಹಾಕಿದ ಕ್ಲಿಪ್ ಇದ್ದರೆ ದಿನಾಂಕ ಗೊತ್ತುಮಾಡುವ ಮೊದಲೇ ತಿಳಿಸಬೇಕು.

ತಲೆಯ ತಯಾರಿ

ಜನ ಎಡವುವುದು ಇಲ್ಲಿ. ಹೆಸರಿನಲ್ಲಿ ನೈಫ್ ಇದ್ದರೂ ಚಾಕು ಇಲ್ಲ. ಈ ಚಿಕಿತ್ಸೆಗೆ ರೇಡಿಯೋಸರ್ಜರಿ ಎಂದು 1951ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ಕೋಬಾಲ್ಟ್–60 ಎಂಬ ವಿಕಿರಣ ಸೂಸುವ ಲೋಹದ ಸುಮಾರು ಇನ್ನೂರು ಸಣ್ಣ ಮೂಲಗಳಿಂದ ಹೊರಟ ಕಿರಣಗಳು ಗಡ್ಡೆಯಲ್ಲಿ ಮಾತ್ರ ಸೇರುತ್ತವೆ, ದಾರಿಯಲ್ಲಿ ಒಂದೊಂದು ಕಿರಣವೂ ದುರ್ಬಲ. ಕೂದಲು ತೆಗೆಯುವ ಅಗತ್ಯವೇ ಇಲ್ಲ. ಚಾಕು ಎಂದೊಡನೆ ಕ್ಷೌರಿಕರಲ್ಲಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಿದ್ದರು ಒಬ್ಬರು. ಬ್ಲೇಡಿನ ಹಸಿ ಗಾಯಗಳನ್ನು ಕಂಡು ವೈದ್ಯರು ಹಣೆ ಚಚ್ಚಿಕೊಳ್ಳದಿದ್ದುದು ದೊಡ್ಡದು. ಮುಡಿಯ ಹರಕೆ ಇದ್ದರೆ ಆಮೇಲೆ ತೀರಿಸಿ.

ಎರಡು ದಿನ ಮೊದಲಿನಿಂದ ತಲೆಗೆ ಎಣ್ಣೆ ಬೇಡ. ಹಿಂದಿನ ರಾತ್ರಿ ಸಾಧಾರಣ ಶಾಂಪೂವಿನಿಂದ ಎರಡು ಸಲ ತೊಳೆಯಿರಿ. ಸೀಗೆಕಾಯಿ ಬೇಡ ಎಂಬುದು ನನ್ನ ಹಟ, ಎಷ್ಟು ತೊಳೆದರೂ ಪುಡಿ ಕೂದಲ ಬುಡದಲ್ಲಿ ಕೂರುತ್ತದೆ. ಬೆಳಿಗ್ಗೆ ಕುಂಕುಮ, ವಿಭೂತಿ, ಪೌಡರ್ ಯಾವುದೂ ಹಣೆಯ ಮೇಲೆ ಇರಬಾರದು, ಚೌಕಟ್ಟು ಬಿಗಿಯುವ ಮುನ್ನ ಮರಗಟ್ಟಿಸುವ ಸೂಜಿ ಇಳಿಯುವುದು ಅಲ್ಲಿಗೇ. ತಾಳಿ, ಬಳೆ, ಕಾಲುಂಗುರ, ಉಡಿದಾರದ ತಾಯಿತ, ಕೂದಲ ಪಿನ್ನು, ಬಿಚ್ಚುವ ಹಲ್ಲಿನ ಸೆಟ್ಟು ಎಲ್ಲವನ್ನೂ ಮನೆಯಲ್ಲೇ ತೆಗೆದಿಡಿ. ಚಿನ್ನ ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂದು ವಾದಿಸಬೇಡಿ. ಲೋಹ ಬಿಸಿಯಾಗಬಹುದು, ಸುತ್ತಲಿನ ಚಿತ್ರ ಕೆಡುತ್ತದೆ, ಇಲ್ಲಿ ಲೆಕ್ಕ ನಡೆಯುವುದೇ ಮಿಲಿಮೀಟರಿನಲ್ಲಿ. ತಾಳಿ ತೆಗೆಯಲು ಮನಸ್ಸಾಗದವರು ಒಂದು ದಿನಕ್ಕೆ ಅರಿಸಿನದ ದಾರ ಕಟ್ಟಿಕೊಳ್ಳಲಿ, ಅಕ್ಕ ಹಾಗೇ ಮಾಡಿದಳು.

ಉಡುಪು ಮುಂದೆ ಗುಂಡಿ ಇರುವಂಥದ್ದು. ತಲೆಯ ಮೇಲಿಂದ ಎಳೆದು ತೊಡುವ ಟೀ ಶರ್ಟು, ನೈಟಿ ಹಾಕಿಕೊಂಡು ಹೋದರೆ ಚೌಕಟ್ಟು ಬಿಚ್ಚುವವರೆಗೆ ಅದರಲ್ಲೇ ಬಂದಿ.

ಚೌಕಟ್ಟು ಬಿಗಿಯುವ ಹೊತ್ತು

ಕೆಲವು ಯಂತ್ರಗಳಲ್ಲಿ ಚೌಕಟ್ಟಿನ ಬದಲು ಮುಖದ ಅಚ್ಚು ತೆಗೆದ ಮುಖವಾಡ ಹಾಕುತ್ತಾರೆ, ಚಿಕಿತ್ಸೆಯನ್ನು ಕೆಲವು ದಿನಗಳಿಗೆ ಹಂಚುವುದೂ ಉಂಟು. ನಿಮ್ಮದು ಅದಾದರೆ ಈ ಭಾಗ ಬಿಟ್ಟು ಓದಿ. ಉಳಿದವರು ಗಮನವಿಟ್ಟು ಓದಬೇಕು, ಏಕೆಂದರೆ ಇಡೀ ದಿನದಲ್ಲಿ ನೋವೆನ್ನುವುದು ಇರುವುದು ಈ ಕಾಲು ಗಂಟೆಯಲ್ಲೇ.

ಕುರ್ಚಿಯಲ್ಲಿ ಕೂರಿಸಿ ಹಗುರ ಲೋಹದ ಚೌಕಟ್ಟನ್ನು ತಲೆಗೆ ಹಿಡಿದು ನೋಡುತ್ತಾರೆ. ಹಣೆಯಲ್ಲಿ ಎರಡು, ತಲೆಯ ಹಿಂದೆ ಎರಡು, ಒಟ್ಟು ನಾಲ್ಕು ಕಡೆ ಮರಗಟ್ಟಿಸುವ ಚುಚ್ಚುಮದ್ದು. ಚೌಕಟ್ಟಿಗಿಂತ ಇದೇ ಹೆಚ್ಚು ಉರಿಯುತ್ತದೆ, ಕಣಜ ಕಚ್ಚಿದ ಹಾಗೆ. ಒಂದೊಂದೂ ಕೆಲವು ಕ್ಷಣ. ಆಗ ಭುಜ ಎತ್ತಿ ತಲೆ ಹಿಂದೆ ಸರಿಸುವುದು ಎಲ್ಲರ ಸಹಜ ಗುಣ, ಅಲ್ಲೇ ಚೌಕಟ್ಟು ಓರೆಯಾಗುವುದು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒತ್ತಿ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಆಮೇಲೆ ಎದುರುಬದುರಿನ ತಿರುಪುಗಳನ್ನು ಜೊತೆಜೊತೆಯಾಗಿ ಬಿಗಿಯುತ್ತಾರೆ. ನೋವಿರುವುದಿಲ್ಲ, ಒತ್ತಡ ಮಾತ್ರ. ತಲೆಯನ್ನು ಕಬ್ಬಿನ ಗಾಣಕ್ಕೆ ಕೊಟ್ಟ ಹಾಗಿತ್ತು ಎಂದಳು ಅಕ್ಕ. ಹತ್ತು ಹದಿನೈದು ನಿಮಿಷದಲ್ಲಿ ಅದು ಮಂಕಾಗುತ್ತದೆ. ಮಂಕಾಗದೆ ಒಂದೇ ಕಡೆ ಚುಚ್ಚುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಹೇಳಿ. ಇನ್ನಷ್ಟು ಮದ್ದು ಕೊಡುತ್ತಾರೆ. ‘ಡಾಕ್ಟರಿಗೆ ತೊಂದರೆ ಯಾಕೆ’ ಎಂಬ ಸಂಕೋಚದಿಂದ ಇಡೀ ದಿನ ಹಲ್ಲುಕಚ್ಚಿದ ಹಿರಿಯರೊಬ್ಬರಿಗೆ ಸಂಜೆ ಮಾತೇ ಹೊರಡುತ್ತಿರಲಿಲ್ಲ.

ಚೌಕಟ್ಟಿನೊಂದಿಗೇ ಎಂಆರ್‌ಐ. ನಂತರ ವೈದ್ಯರು ಮತ್ತು ಭೌತವಿಜ್ಞಾನಿಗಳು ಕಂಪ್ಯೂಟರಿನ ಮುಂದೆ ಕುಳಿತು ಲೆಕ್ಕ ಹಾಕುತ್ತಾರೆ. ಗಡ್ಡೆಯ ಅಂಚಿಗೆ ಸಾಮಾನ್ಯವಾಗಿ 12–13 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಸಿಗಬೇಕು, ಪಕ್ಕದಲ್ಲೇ ಇರುವ ಮುಖದ ನರ ಮತ್ತು ಒಳಗಿವಿಗೆ ಆದಷ್ಟು ಕಡಿಮೆ ತಾಕಬೇಕು. ಇದಕ್ಕೆ ಗಂಟೆಗಳು ಹಿಡಿಯಬಹುದು. ಆ ಹೊತ್ತಿನಲ್ಲಿ ನೀರು, ಮಜ್ಜಿಗೆ ಕುಡಿಯಲು ಹೀರುಕೊಳವೆ ಬೇಕು, ಲೋಟ ಚೌಕಟ್ಟಿಗೆ ತಾಗುತ್ತದೆ. ಕನ್ನಡಕವೂ ಕೂರುವುದಿಲ್ಲ, ಹಾಗಾಗಿ ಪುಸ್ತಕ ಒಯ್ಯುವುದು ದಂಡ. ಚೆನ್ನಾಗಿ ಕೇಳುವ ಕಿವಿಯ ಕಡೆ ಕುಳಿತು ಮಾತಾಡುವ ಒಬ್ಬರು ಜೊತೆಗಿದ್ದರೆ ಸಾಕು, ಆರು ಜನ ಬೇಡ.

ಯಂತ್ರದ ಕೆಲಸ ಒಂದೇ ಸಾಲಿನದು: ಮಲಗುತ್ತೀರಿ, ನೋವಿಲ್ಲ, ಎದ್ದು ಬರುತ್ತೀರಿ. ಪಕ್ಕದವರಿಗೆ ನಲವತ್ತು ನಿಮಿಷ, ನನಗೇಕೆ ಒಂದೂವರೆ ಗಂಟೆ ಎಂದು ಕೊರಗಬೇಡಿ. ಗಡ್ಡೆಯ ಆಕಾರ ಬೇರೆ. ಜೊತೆಗೆ ಕೋಬಾಲ್ಟ್–60 ಸುಮಾರು ಐದೂಕಾಲು ವರ್ಷದಲ್ಲಿ ಅರ್ಧ ಶಕ್ತಿಗೆ ಇಳಿಯುತ್ತದೆ, ಮೂಲ ಹಳೆಯದಾದಂತೆ ಅದೇ ಪ್ರಮಾಣಕ್ಕೆ ಹೆಚ್ಚು ಹೊತ್ತು ಬೇಕು.

ಮನೆಗೆ ಬಂದ ಮೇಲೆ

ಚೌಕಟ್ಟು ಬಿಚ್ಚಿದಾಗ ತಲೆನೋವು ಬರಬಹುದು, ತಿರುಪಿನ ಜಾಗದಿಂದ ಒಂದೆರಡು ಹನಿ ರಕ್ತವೂ ಬರಬಹುದು. ಮರುದಿನ ಕಣ್ಣಿನ ಸುತ್ತ ಊತ ಕಾಣಿಸಿಕೊಂಡರೆ ಕೆಲವು ದಿನದಲ್ಲಿ ಇಳಿಯುತ್ತದೆ. ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ಮಾತ್ರ ಅಂದೇ ಫೋನ್ ಮಾಡಿ. ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ಮುಂದಿನ ಎಂಆರ್‌ಐ ಸಾಮಾನ್ಯವಾಗಿ ಆರು ತಿಂಗಳಿಗೆ. ಆಗ ಗಡ್ಡೆ ಮೊದಲಿಗಿಂತ ದೊಡ್ಡದಾಗಿ ಕಾಣಬಹುದು, ವಿಕಿರಣಕ್ಕೆ ಊದಿಕೊಂಡು ಮುಂದೆ ಇಳಿಯುವುದು ಇದರ ಸ್ವಭಾವ. ಅಕ್ಕನ ವರದಿಯಲ್ಲಿ ಎರಡು ಮಿಲಿಮೀಟರ್ ಹೆಚ್ಚಿತ್ತು. ಭಾವ ರಾತ್ರಿಯೇ ಬೇರೆ ಆಸ್ಪತ್ರೆ ಹುಡುಕಲು ಕುಳಿತರು. ವರದಿಯ ಅಂಕಿಯನ್ನು ನೀವೇ ಓದಿ ತೀರ್ಪು ಕೊಡಬೇಡಿ. ಹಳೆಯ ಸಿ.ಡಿ., ಹೊಸ ಸಿ.ಡಿ. ಎರಡನ್ನೂ ಒಯ್ದು ಚಿಕಿತ್ಸೆ ಮಾಡಿದ ವೈದ್ಯರ ಮುಂದೆಯೇ ಇಡಿ. ಆದಷ್ಟೂ ಅದೇ ಕೇಂದ್ರದಲ್ಲಿ, ಅದೇ ಬಗೆಯ ಸ್ಕ್ಯಾನ್ ಮಾಡಿಸಿ. ಆ ದಿನವೂ ಮೂಗುಬೊಟ್ಟು ಬಿಚ್ಚಲೇಬೇಕು, ಆದ್ದರಿಂದ ಅಕ್ಕ ಈಗ ತಿರುಪಿಲ್ಲದ ಕಡ್ಡಿಯದು ಮಾಡಿಸಿಕೊಂಡಿದ್ದಾಳೆ.