ಫ್ರೀಜರ್ ಇಲ್ಲದೆ ಮಂಗಗಳ ಹಾರ್ಮೋನ್ ಅಳೆದದ್ದು

ಮಂಗದ ಹಿಕ್ಕೆಯಿಂದ ಒತ್ತಡದ ಹಾರ್ಮೋನ್ (ಕಾರ್ಟಿಸಾಲ್) ಅಳೆಯಬೇಕಾದರೆ ಮೈನಸ್ 20 ಡಿಗ್ರಿಯ ಫ್ರೀಜರ್ ಬೇಕೇ ಬೇಕು ಅಂತ ನನಗೆ ಹೇಳದವರಿಲ್ಲ. ಶಿರಸಿ ಕಡೆಯ ಘಟ್ಟದಲ್ಲಿ ಮಳೆಗಾಲದ ಕರೆಂಟು ಹೇಗಿರುತ್ತೆ ಅಂತ ಅವರಿಗೆ ಗೊತ್ತಿಲ್ಲ, ಅಷ್ಟೇ.

ಮೊದಲ ಮಳೆಗಾಲದಲ್ಲಿ ಬಾಡಿಗೆ ಮನೆಯಲ್ಲೇ ಫ್ರೀಜರ್ ಇಟ್ಟು, ಇನ್ವರ್ಟರ್ ಕೂರಿಸಿದ್ದೆ. ಲೈನ್ ಮೇಲೆ ಮರ ಬಿತ್ತು. ಮೂರ್ನಾಲ್ಕು ದಿನ ಕತ್ತಲು. ಸ್ಯಾಂಪಲ್ ಕರಗಿ ಮತ್ತೆ ಗಡ್ಡೆ ಕಟ್ಟಿತು. ಹಿಕ್ಕೆಯೊಳಗಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ಹಾರ್ಮೋನ್ ಒಡೆದು ತಮ್ಮ ಕೆಲಸ ಮುಗಿಸಿದ್ದವು. ಸುಮಾರು ಎಂಬತ್ತು ಸಾವಿರದ ಕೆಲಸ ತಿಪ್ಪೆಗೆ. ಆಮೇಲೆ ದ್ರವ ಸಾರಜನಕ ನೋಡಿದೆ. ದನಗಳ ವೀರ್ಯದ ಕಡ್ಡಿಗಳಿಗಾಗಿ ಪಶು ಆಸ್ಪತ್ರೆಗೆ ಅದನ್ನು ತರುವ ಗಾಡಿಯವರನ್ನು ಹಿಡಿದು ಕ್ಯಾನ್ ತುಂಬಿಸಿಕೊಂಡೆ. ಕೆಲಸ ಆಗುತ್ತೆ. ಆದರೆ ಗಾಡಿ ತಡವಾದರೆ ಕ್ಯಾನ್ ಖಾಲಿ, ಮಂಗಗಳು ಕಾಯಲ್ಲ.

ಹಿಕ್ಕೆಯನ್ನು ಸುಮ್ನೆ ಎಥನಾಲ್‌ನಲ್ಲಿ (ಮದ್ಯಸಾರ) ನೆನೆಸಿಡುವುದನ್ನೂ ಮಾಡಿದೆ. ವಾರಗಳು ಕಳೆದಂತೆ ಅಂಕಿ ಮೇಲೆ ಹೋಗುತ್ತೆ, ಕೆಳಗೂ ಬರುತ್ತೆ. ಅದಕ್ಕೆ ಈ ಕ್ಷೇತ್ರದ ಹಿರಿಯರು ಬೈದದ್ದು ಸರಿಯೇ. ಆದರೆ ಅವರು ನೆನೆಸಿಡುವುದನ್ನೂ, ಸಾರ ತೆಗೆದು ಹಿಕ್ಕೆಯನ್ನು ಬೇರೆ ಮಾಡುವುದನ್ನೂ ಒಂದೇ ಅಂದುಕೊಂಡರು. ಅಲ್ಲೇ ಇರೋದು ವ್ಯತ್ಯಾಸ.

ಈಗ ಮಾಡುವುದು ಹೀಗೆ. ಹಿಕ್ಕೆ ಬಿದ್ದ ಹತ್ತು ನಿಮಿಷದೊಳಗೆ, ಮೂತ್ರ ತಾಗದ ಒಳಭಾಗವನ್ನು ಕಲಸಿ, ಬೀಜ ಆರಿಸಿ, ಅರ್ಧ ಗ್ರಾಂನಷ್ಟು ತೆಗೆಯುತ್ತೇನೆ. 80 ಪರ್ಸೆಂಟ್ ಎಥನಾಲ್ 5 ಎಂಎಲ್ ಹಾಕಿ ಐದು ನಿಮಿಷ ಕೈಯಲ್ಲೇ ಕುಲುಕಾಟ. ಕೈಯಿಂದ ತಿರುಗಿಸುವ ಹಳೇ ಸೆಂಟ್ರಿಫ್ಯೂಜ್‌ನಲ್ಲಿ ಒಂದಿಷ್ಟು ಸುತ್ತು. ಮೇಲಿನ ತಿಳಿಯನ್ನು ಚಿಕ್ಕ ಟ್ಯೂಬಿಗೆ ಬಸಿದು ಪ್ಯಾರಾಫಿಲ್ಮ್ (ಮೇಣದಂಥ ತೆಳು ಹಾಳೆ) ಸುತ್ತಿ ಕತ್ತಲೆ ಡಬ್ಬಿಗೆ. ಕೆಳಗುಳಿದ ಗಸಿಯನ್ನು ಎಸೆಯಬೇಡಿ. ಊರಿಗೆ ಬಂದು ಒಣಗಿಸಿ ತೂಗಿದರೆ ಒಣ ತೂಕಕ್ಕೆ ಲೆಕ್ಕ ಹಾಕಬಹುದು. ಮಳೆಯಲ್ಲಿ ಹಸಿ ತೂಕ ನಂಬಿದವರು ಕೆಟ್ಟರು. ಜಿಗಣೆ ತುಂಬಿದ ಸಂಜೆಯಲ್ಲಿ ಯಾವ ಹಿಕ್ಕೆ ಯಾವ ಮಂಗದ್ದು ಅಂತ ತಪ್ಪದೆ ಹೇಳಲು ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಅದು ಕಲಿಯಲು ನನಗೆ ಒಂದು ಸೀಸನ್ ಹಿಡಿದಿದೆ.

ನಂಬದವರಿಗಾಗಿ ಸುಮಾರು ಐವತ್ತು ಹಿಕ್ಕೆಗಳನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಡ್ರೈ ಐಸ್‌ನಲ್ಲಿ ಬೆಂಗಳೂರಿಗೆ, ಇನ್ನೊಂದು ನನ್ನ ಡಬ್ಬಿಗೆ. ಎರಡು ತಿಂಗಳ ನಂತರವೂ ಹೆಚ್ಚಿನವುಗಳಲ್ಲಿ ಎರಡೂ ಪಾಲಿನ ಅಂಕಿಗೆ ಹತ್ತು ಪರ್ಸೆಂಟ್ ಆಚೀಚೆ ಅಷ್ಟೇ ವ್ಯತ್ಯಾಸ. ಆಮೇಲೆ ಫೋನು ಬರುವುದು ಶುರುವಾಯಿತು, ‘ಆ ಟ್ಯೂಬ್ ಯಾವುದು ಸಾರ್?’ ಅಂತ.

ಖರ್ಚು ಹೇಳುತ್ತೇನೆ. ಹಾರ್ಮೋನ್ ಅಳೆಯುವ ರೆಡಿ ಕಿಟ್ ಒಂದು ಪ್ಲೇಟಿಗೆ ನಲವತ್ತೈದು ಸಾವಿರದ ಆಸುಪಾಸು ಬಿತ್ತು. ಪ್ಲೇಟಿನ 96 ಗುಳಿಗಳಲ್ಲಿ ಹೋಲಿಸಲು ಇಡುವ ಸ್ಟ್ಯಾಂಡರ್ಡ್, ಒಂದೊಂದು ಸ್ಯಾಂಪಲನ್ನೂ ಎರಡೆರಡು ಗುಳಿಯಲ್ಲಿ ಹಾಕುವುದು ಎಲ್ಲ ಕಳೆದರೆ ನಲವತ್ತು ಸ್ಯಾಂಪಲ್ ಕೂಡ ಸಿಗಲ್ಲ. ಅದೂ ಕಾರ್ಟಿಸಾಲ್ ಕಿಟ್ ಕೊಂಡರೆ ದುಡ್ಡು ದಂಡ. ಕಾರ್ಟಿಸಾಲನ್ನು ಲಿವರ್ ಒಡೆದು ಪಿತ್ತದ ಜೊತೆ ಕರುಳಿಗೆ ಕಳಿಸುವುದರಿಂದ ಹಿಕ್ಕೆಯಲ್ಲಿ ಅದು ಇದ್ದರೂ ಅತ್ಯಲ್ಪ. ಒಡೆದ ಮೇಲೆ ಹಿಕ್ಕೆಗೆ ಬರುವ ಚೂರುಗಳನ್ನು, ಅಂದರೆ 11-ಆಕ್ಸೋಎಟಿಯೋಕೊಲನೊಲೋನ್ ಗುಂಪನ್ನು, ಹಿಡಿಯುವ ಆಂಟಿಬಾಡಿ ತರಿಸಿ ಪ್ಲೇಟಿನ ಗುಳಿಗಳಿಗೆ ನಾವೇ ಬಳಿದುಕೊಂಡೆವು. ಖರ್ಚು ಮೂರನೇ ಒಂದು ಪಾಲಿಗೆ ಇಳಿಯಿತು. ಎಥನಾಲ್‌ಗೆ ಅಬಕಾರಿ ಪರ್ಮಿಟ್ ಬೇಕು, ಅದಕ್ಕೆ ಓಡಾಡಿದ ಪೆಟ್ರೋಲ್ ಲೆಕ್ಕದಲ್ಲಿ ಸೇರಿಲ್ಲ.

ಡಬ್ಬಿಯ ಮೇಲೆ ‘ಮಂಗ’ ಅಂತ ಬರೆಯಲೇಬೇಡಿ. ಮಂಗನ ಕಾಯಿಲೆ ಕಂಡ ಸೀಮೆ ಇದು. 1957ರಲ್ಲಿ ಕ್ಯಾಸನೂರಿನಲ್ಲಿ ಕಾಣಿಸಿದ್ದು ಇವತ್ತಿಗೂ ಜನರ ನೆನಪಲ್ಲಿದೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ ‘ಅದರಲ್ಲಿ ಎಂತದು ತಮಾ?’ ಅಂದರು. ಹೇಳಿದೆ. ಮುಂದಿನ ಸ್ಟಾಪಿನ ತನಕ ಇಡೀ ಸೀಟು ನನ್ನದೇ. ಕಾಯಿಲೆ ಹರಡುವ ಉಣ್ಣಿ ಮೈಗೆ ಹತ್ತದಂತೆ ನೋಡಿಕೊಳ್ಳಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಇನ್ನು ಮಂಗಗಳು ಏನು ಹೇಳಿದವು? ರಸ್ತೆ ಬದಿಯ ಗುಂಪಿನಲ್ಲಿ ಭಾನುವಾರದ ಕಾರು-ಬಿಸ್ಕತ್ತು ಗದ್ದಲ ಭಾನುವಾರದ ಹಿಕ್ಕೆಯಲ್ಲಿ ಕಾಣಲ್ಲ. ಸೋಮವಾರ, ಮಂಗಳವಾರ ಕಾಣುತ್ತೆ. ಕರುಳು ದಾಟಲು ಅಷ್ಟು ಹೊತ್ತು ಬೇಕು. ಇದನ್ನು ಹೊಂದಿಸದೆ ಜಗಳ ಮತ್ತು ಹಾರ್ಮೋನ್ ಪಕ್ಕಪಕ್ಕ ಇಟ್ಟರೆ ಏನೂ ಸಿಗಲ್ಲ. ಕೀನ್ಯಾದ ಅಂಬೊಸೆಲಿಯಲ್ಲಿ 125 ಗಂಡು ಬಬೂನ್‌ಗಳನ್ನು (ಆಫ್ರಿಕಾದ ದೊಡ್ಡ ಮಂಗಗಳು) 9 ವರ್ಷ ಹಿಂಬಾಲಿಸಿದ ಸಂಶೋಧಕರು 2011ರಲ್ಲಿ ಬರೆದದ್ದು, ಗುಂಪಿನಲ್ಲಿ ಮೊದಲ ಸ್ಥಾನದ ಗಂಡಿಗೆ ಎರಡನೇ ಸ್ಥಾನದವನಿಗಿಂತ ಒತ್ತಡ ಜಾಸ್ತಿ ಅಂತ. ನಮ್ಮ ಮಂಗಗಳಲ್ಲಿ ಆ ಅಂತರ ನನಗೆ ಅಷ್ಟು ಸಿಗಲಿಲ್ಲ. ನಮ್ಮ ಗಂಡುಗಳು ಅಪ್ಪಿಕೊಂಡು ಕೂರುವ ಜಾತಿ, ಬಬೂನ್‌ನಂತೆ ಹಲ್ಲು ತೋರಿಸಿಕೊಂಡೇ ಇರಲ್ಲ. ಕಾರಣ ಅದೇ ಇರಬಹುದು ಅಂತ ನನ್ನ ಊಹೆ.

ಉಳಿದ ತಿಳಿಯಲ್ಲಿ ಥೈರಾಯ್ಡ್‌ನ ಟಿ3 ಹಾರ್ಮೋನ್ ಕೂಡ ಅಳೆದೆ, ಸುಮ್ನೆ ಕುತೂಹಲಕ್ಕೆ. ಹೊಟ್ಟೆಗೆ ಸಾಲದಿದ್ದರೆ ಟಿ3 ಇಳಿಯುತ್ತೆ. ಗಲಾಟೆಯ ಒತ್ತಡವೋ ಹಸಿವಿನ ಒತ್ತಡವೋ ಅಂತ ಬೇರೆ ಮಾಡಲು ಇದು ಬೇಕು. ರಸ್ತೆ ಬದಿಯವರಲ್ಲಿ ಒತ್ತಡದ ಹಾರ್ಮೋನ್, ಟಿ3 ಎರಡೂ ಏರಿಯೇ ಇತ್ತು, ಬಿಸ್ಕತ್ತಿನ ಕೃಪೆ. ಕಾಡಿನೊಳಗಿನ ಗುಂಪಿನ ಟ್ಯೂಬ್‌ಗಳು ಇನ್ನೂ ಡಬ್ಬಿಯಲ್ಲಿವೆ, ಪ್ಲೇಟಿಗೆ ದುಡ್ಡು ಹೊಂದಿದಾಗ ಓಡಿಸುತ್ತೇನೆ.